ಬೆಸ ವಾರದ ಮಗಳು

ನಮ್ಮ ಕೆಳಗಿನ ಮನೆಯ ಪೆರಿನ್ ಫ್ರಾನ್ಸಿನಲ್ಲಿ ಮಾಡಿದಷ್ಟು ಪ್ರಯಾಣವನ್ನು ಮಂತ್ರಿಗಳೂ ಮಾಡಿರಲಾರರು. ಆದರೆ ಅವಳು ಕಂಡಿದ್ದು ಒಂದೇ ದಾರಿ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ನಮ್ಮೂರು ಲಿಮೋಜ್‌ನಲ್ಲಿ ಮಗಳು ಮನೋನ್‌ಳನ್ನು ರೈಲು ಹತ್ತಿಸಿಕೊಂಡು ಹೋಗಿ, ವಿಯೆರ್ಜೋನ್ ಪ್ಲಾಟ್‌ಫಾರ್ಮಿನಲ್ಲಿ ಅವಳ ಅಪ್ಪನಿಗೆ ಒಪ್ಪಿಸಿ ಒಬ್ಬಳೇ ವಾಪಸು ಬರುವುದು. ಭಾನುವಾರ ಒಬ್ಬಳೇ ಹೋಗಿ ಮಗಳ ಜೊತೆ ಬರುವುದು. ಮೂರು ವರ್ಷದಿಂದ ಇದೇ ಆಗಿದೆ. ಆ ಸ್ಟೇಷನ್ನಿನ ಹೊರಗೆ ಏನಿದೆ ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ವಿಯೆರ್ಜೋನ್ ಇಬ್ಬರಿಗೂ ನಡುವಿನ ಊರು ಎಂದು ವಿಚ್ಛೇದನದ ಕಾಗದದಲ್ಲಿ ಇಬ್ಬರ ವಕೀಲರೂ ಬರೆದರು. ಗಂಡನಾಗಿದ್ದ ರೆಮಿ ಇರುವ ಓರ್ಲಿಯನ್‌ನಿಂದ ಅಲ್ಲಿಗೆ ಒಂದು ಗಂಟೆಯೂ ಇಲ್ಲ, ನಮ್ಮಿಂದ ಹತ್ತಿರ ಹತ್ತಿರ ಎರಡು ಗಂಟೆ. ಇದು ಯಾವ ಸೀಮೆಯ ನಡುವೋ ನನಗೆ ತಿಳಿಯದು. ಪೆರಿನ್ ತೋರಿಸಿದ ಕಡೆ ಸಹಿ ಹಾಕಿದಳು. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಹೆಣ್ಣು, ಜಗಳವಾಡಿ ಅಭ್ಯಾಸವಿಲ್ಲ.

ಮನೋನ್‌ಗೆ ಆರು ವರ್ಷ. ದಾರಿಯಲ್ಲಿ ಶಾತೋರೂ ಸ್ಟೇಷನ್ ದಾಟಿದ್ದೇ ತಡ, ಮಗು ವಾಂತಿ ಮಾಡಿಕೊಳ್ಳುತ್ತದೆ. ಪ್ರತಿ ಸಲವೂ. ಪೆರಿನ್ ಕೋಟಿನ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡೇ ಹೊರಡುತ್ತಾಳೆ. ಸೋಮವಾರ ಮೆಟ್ಟಿಲಲ್ಲಿ ಸಿಕ್ಕರೆ ಆ ಕೋಟಿನಿಂದ ಹುಳಿ ವಾಸನೆ, ಅದರ ಮೇಲೆ ಕಿತ್ತಳೆ ಸಿಪ್ಪೆಯ ವಾಸನೆ. ಆದರೆ ಕೋಟಿಗಿಂತ ಆ ಇಬ್ಬರು ವಕೀಲರನ್ನು ನೆನೆದರೇ ನನಗೆ ಹೆಚ್ಚು ಹೇಸಿಗೆ.

ನಮ್ಮಲ್ಲಿ ಬೇರೆಯಾದ ಗಂಡ ಹೆಂಡಿರು ತಾರೀಖು ನೋಡುವುದಿಲ್ಲ, ವಾರದ ನಂಬರು ನೋಡುತ್ತಾರೆ. ಬೆಸ ವಾರದ ಶನಿವಾರ ಭಾನುವಾರ ಅಪ್ಪನದು, ಸಮ ವಾರದ್ದು ಅಮ್ಮನದು. ಕ್ಯಾಲೆಂಡರಿನ ಅಂಚಿನಲ್ಲಿ ನಂಬರು ಅಚ್ಚಾಗಿರುತ್ತದೆ, ಮಗುವನ್ನು ಅದರಂತೆ ಕೊಯ್ದು ಹಂಚಿಕೊಳ್ಳುವುದು. ಕ್ರಿಸ್‌ಮಸ್ ರಜೆಯ ಕೊನೆಯ ವಾರ ಮನೋನ್ ಅಪ್ಪನ ಹತ್ತಿರ ಇದ್ದಳು. ಮುಂದಿನ ಭಾನುವಾರ ತನ್ನದು ಎಂದು ಪೆರಿನ್ ಲೆಕ್ಕ ಹಾಕಿ, ಅವತ್ತು ಗಾಲೆತ್ ಕತ್ತರಿಸೋಣ ಎಂದು ಮಗುವಿಗೆ ಮಾತು ಕೊಟ್ಟಳು. ಗಾಲೆತ್ ಅಂದರೆ ಜನವರಿಯ ಹಬ್ಬದ ಕೇಕು, ಅದನ್ನು ಕತ್ತರಿಸುವಾಗ ಮನೆಯ ಅತಿ ಚಿಕ್ಕ ಮಗು ಮೇಜಿನ ಕೆಳಗೆ ಕೂತು, ಯಾವ ತುಂಡು ಯಾರಿಗೆ ಎಂದು ಕೂಗಿ ಹೇಳಬೇಕು. ಮನೋನ್ ಒಂದು ಸಲವೂ ಕೂತಿರಲಿಲ್ಲ. ನನ್ನನ್ನೂ ಕರೆದಿದ್ದರು. ಆ ಮಗು ಮೂರು ದಿನದಿಂದ ಮೇಜಿನ ಕೆಳಗೆ ಕೂತು ನಮ್ಮ ಹೆಸರು ಕೂಗಿ ಅಭ್ಯಾಸ ಮಾಡುತ್ತಿತ್ತು.

ಗುರುವಾರ ರೆಮಿಯ ಫೋನ್ ಬಂತು. ಹೋದ ವರ್ಷಕ್ಕೆ ಐವತ್ತೆರಡಲ್ಲ, ಐವತ್ತಮೂರು ವಾರವಂತೆ. ಐವತ್ತಮೂರು ಬೆಸ, ಅದರ ಬೆನ್ನಿಗೇ ಬಂದ ಈ ವರ್ಷದ ಒಂದನೇ ವಾರವೂ ಬೆಸ. ಎರಡೂ ಅವನವೇ. ಪೆರಿನ್ ಕ್ಯಾಲೆಂಡರ್ ತಂದು ನನ್ನ ಮುಂದೆ ಹಿಡಿದಳು. ಅವನು ಹೇಳಿದ್ದು ಸರಿಯಾಗಿತ್ತು.

"ಕರ್ಕೊಂಡು ಬರದೆ ಇದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತಾನಂತೆ, ಮಿರೇಯ್," ಅಂದಳು.

"ಮಗೂಗೆ ಜ್ವರ ಅನ್ನು. ಯಾರು ಬಂದು ಮುಟ್ಟಿ ನೋಡ್ತಾರೆ?" ಅಂದೆ.

"ನಾನು ಸುಳ್ಳು ಹೇಳಿದ್ರೆ ಅವಳ ಬಾಯಲ್ಲೂ ಹೇಳಿಸ್ಬೇಕಾಗತ್ತೆ. ಅದು ಮಾತ್ರ ಬೇಡ. ಈವರೆಗೆ ಅವಳಿಗೆ ನಾನು ಕೊಟ್ಟ ಮಾತು ತಪ್ಪಿರಲಿಲ್ಲ, ಈಗ ಅದೂ ತಪ್ಪಿತು. ಸುಳ್ಳು ಹೇಳದೆ ಇರೋದೊಂದೇ ನನ್ನ ಹತ್ರ ಉಳಿದಿರೋದು."

ಶುಕ್ರವಾರ ಅವರ ಜೊತೆ ನಾನೂ ಹೊರಟೆ. ರೆಮಿಗೆ ನಾಲ್ಕು ಮಾತು ಅನ್ನಲೇಬೇಕಿತ್ತು. ದಾರಿಯಲ್ಲಿ ಮನೋನ್ ಅಳಲಿಲ್ಲ, ವಾಂತಿ ಮಾತ್ರ ಮಾಡಿಕೊಂಡಳು. ವಿಯೆರ್ಜೋನ್‌ನಲ್ಲಿ ಅವನು ಗಡಿಯಾರ ನೋಡುತ್ತಾ ನಿಂತಿದ್ದ.

"ಕಾಗದದಲ್ಲಿ ಇರೋದನ್ನೇ ಕೇಳ್ತಾ ಇದೀನಿ," ಅಂದ.

"ನಿನ್ನ ಮಗಳನ್ನ ಹೆತ್ತಿದ್ದು ಪೆರಿನ್ನೋ, ಕ್ಯಾಲೆಂಡರೋ?" ಅಂದೆ.

"ನೀವ್ಯಾರು?"

"ಮೇಲಿನ ಮನೆಯವಳು. ನಿನ್ನ ಕೋಟಿಗೂ ಸ್ವಲ್ಪ ವಾಂತಿ ಹತ್ತಲಿ ಅಂತ ಬಂದೆ."

ಪೆರಿನ್ ನನ್ನ ತೋಳು ಜಗ್ಗಿದಳು. ರೆಮಿ ಮುಖ ತಗ್ಗಿಸಿ, "ನಂಗೂ ಅವಳು ಬೇಕು, ಮದಾಮ್. ನಂಗೆ ಸಿಗೋದು ತಿಂಗಳಿಗೆ ನಾಲ್ಕೇ ದಿನ," ಅಂದ. ಅದೂ ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ರೇಗಿತು. ಓರ್ಲಿಯನ್ ರೈಲು ಬಂತು, ಅಪ್ಪ ಮಗಳು ಹತ್ತಿ ಹೋದರು.

ವಾಪಸು ಬರುವಾಗ ಪೆರಿನ್, ಮಗಳು ಅರ್ಧ ತಿಂದು ಬಿಟ್ಟ ಹ್ಯಾಮ್ ಬ್ರೆಡ್ಡನ್ನು ತನ್ನ ಕೈಚೀಲದಿಂದ ತೆಗೆದು, ಹಲ್ಲಿನ ಗುರುತಿದ್ದ ಕಡೆಯಿಂದಲೇ ತಿಂದಳು. ನಾನು ಅತ್ತ ತಿರುಗಿದೆ. ನಲವತ್ತು ವರ್ಷ ಪಿಂಗಾಣಿ ಕಾರ್ಖಾನೆಯ ಧೂಳು ಕುಡಿದವಳು ನಾನು, ಸುಲಭಕ್ಕೆ ವಾಕರಿಕೆ ಬರುವುದಿಲ್ಲ. ಅವತ್ತು ಬಂತು. ಅವಳ ಮೇಲಲ್ಲ, ನಮ್ಮೆಲ್ಲರ ಮೇಲೆ.

ಭಾನುವಾರ ಅವಳು ಕರೆತರಲು ಹೋದಾಗಲೂ ಜೊತೆಗಿದ್ದೆ. ಮಗು ಬಂತು, ಅಮ್ಮನ ಪಕ್ಕ ಕೂತಿತು. ಪೆರಿನ್ ಅದರ ತಲೆ ನೇವರಿಸುತ್ತಾ ಹೇಳಿದಳು:

"ಮುಂದಿನ ಭಾನುವಾರ ಗಾಲೆತ್ ತರ್ತೀನಿ ಪುಟ್ಟಿ. ಎರಡನೇ ವಾರ, ನಮ್ಮದೇ. ಬೇಕಾದ್ರೆ ಮಿರೇಯ್ ಹತ್ರ ಕೇಳು. ನೀನೇ ಮೇಜಿನ ಕೆಳಗೆ."

ಮನೋನ್ ಕಿಟಕಿಯ ಕಡೆ ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ದೊಡ್ಡವರು ಚಿಕ್ಕವರಿಗೆ ಸಮಾಧಾನ ಹೇಳುವ ಹಾಗೆ ಅಮ್ಮನ ಕೈ ತಟ್ಟಿದಳು.

"ಮಾತು ಕೊಡ್ಬೇಡ ಅಮ್ಮ, ಪರವಾಗಿಲ್ಲ. ಶುಕ್ರವಾರ ನನ್ನ ಬ್ಯಾಗ್ ತುಂಬ್ತೀಯಾ ಇಲ್ವಾ ಅಂತ ನಾನೇ ನೋಡ್ಕೋತೀನಿ."