ಅರಿಸಿನ ಬಣ್ಣದ ಚೌಕ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಹೆಣಿಗೆ ಗುಂಪಿನಲ್ಲಿ ಮಾತ್ರ ಅದು ಯಾರ ಬಾಯಿಗೂ ಬರುತ್ತಿರಲಿಲ್ಲ, ಎಲ್ಲರಿಗೂ ಅವಳು ಬಿಚ್ಚಕ್ಕ. ಸ್ವೆಟರನ್ನು ಕುತ್ತಿಗೆಯವರೆಗೆ ಹೆಣೆಯುವಳು, ಎಲ್ಲೋ ತಳದಲ್ಲಿ ಒಂದು ಕುಣಿಕೆ ತಪ್ಪಿದ್ದು ಕಂಡರೆ ಸರ್ರನೆ ಪೂರ್ತಿ ಬಿಚ್ಚುವಳು, ಮತ್ತೆ ಮೊದಲಿನಿಂದ ಶುರು. ಗಂಡನಿಗೆಂದು ತೊಡಗಿದ ಬೂದು ಸ್ವೆಟರಿಗೆ ಈಗ ಆರು ವರ್ಷ.

"ಒಂದು ತೋಳನ್ನಾದ್ರೂ ಹಾಕ್ಕೊಳ್ಳೋ ಯೋಗ ಇದ್ಯೇನೇ ನಂಗೆ?" ಎಂದು ಅವನು ಆಗಾಗ ಕೇಳುತ್ತಿದ್ದ.

"ಮೊದಲು ಹೊಟ್ಟೆ ಇಳಿಸಿ. ಸಲ ಸಲಕ್ಕೂ ಅಳತೆ ಬದಲಾಗ್ತಿದೆ" ಎನ್ನುತ್ತಿದ್ದಳು ಇವಳು.

ಅವಳನ್ನು ದೂರಿ ಫಲವಿಲ್ಲ. ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು. ಟ್ಯೂಬ್‌ಲೈಟಿನ ಕೆಳಗೆ ಶರ್ಟನ್ನು ಒಳಹೊರಗೆ ಮಾಡಿ, ಹೊಲಿಗೆ ಎಲ್ಲಿ ಜಾರಿದೆಯೋ ಅಲ್ಲಿ ಕೆಂಪು ಬಾಣದ ಚೀಟಿ ಅಂಟಿಸಿ ವಾಪಸ್ಸು ಎಸೆಯುವುದು ಅವಳ ಕೆಲಸ. ತಪ್ಪು ಹುಡುಕಿದ್ದಕ್ಕೇ ಸಂಬಳ! ಕೆಲಸ ಬಿಟ್ಟು ಮನೆಗೆ ಬಂದರೂ ಕಣ್ಣು ರಿಟೈರ್ ಆಗಲಿಲ್ಲ. ಮಗಳ ಮದುವೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರೆ ಇವಳು ಹುಡುಗಿಯ ರವಿಕೆಯ ಬೆನ್ನಿನಲ್ಲಿ ಎದ್ದಿದ್ದ ಒಂದು ದಾರವನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಮುಂದೆ ಕುಳಿತವನ ಕಾಲರು ಸೊಟ್ಟಗಿದ್ದರೆ ಅವಳಿಗೆ ಇಳಿಯುವ ತನಕ ನೆಮ್ಮದಿಯಿಲ್ಲ. ಹಾಗೆ ಇರುವುದು ಅವಳಿಗೂ ಸುಖವೇನಲ್ಲ, ಅದನ್ನು ನಾವು ಒಪ್ಪಬೇಕು.

ಲೈಬ್ರರಿಯ ಮಹಡಿಯ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಸೇರುವ ಆ ಗುಂಪಿನಲ್ಲಿ ಹನ್ನೆರಡು ಜನ. ವರ್ಷಕ್ಕೊಂದು ಹೊದಿಕೆ ಮಾಡುವುದು ಅವರ ಪದ್ಧತಿ. ಪ್ರತಿಯೊಬ್ಬರೂ ಒಂದೊಂದು ಚೌಕ ಹೆಣೆದು ಚೀಲಕ್ಕೆ ಹಾಕಬೇಕು, ಹೆಸರು ಬರೆಯುವಂತಿಲ್ಲ. ಯಾರ ಸರದಿಯೋ ಅವರು ಎಲ್ಲವನ್ನೂ ಜೋಡಿಸಿ ತಂದು ಟೇಬಲ್ಲಿನ ಮೇಲೆ ಹರಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಚೌಕ ತೋರಿಸಿ, ಅದನ್ನು ಎಲ್ಲಿ ಕೂತು ಹೆಣೆದೆ, ಆಗ ಮನೆಯಲ್ಲಿ ಏನು ನಡೆದಿತ್ತು ಎಂದು ಹೇಳಬೇಕು.

ಈ ಸಲದ ಸರದಿ ಬಿಚ್ಚಕ್ಕನದು. ಇವರಿಗೆಲ್ಲ ಕಡ್ಡಿ ಹಿಡಿಯಲು ಕಲಿಸಿದ ಹೊಲಿಗೆ ಟೀಚರಿಗೆ ಏಳು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಹಾಗಾಗಿ ಅವರ ಪಾಲಿನದನ್ನೂ ಸೇರಿಸಿ ಬಿಚ್ಚಕ್ಕನೇ ಎರಡು ಚೌಕ ಹೆಣೆಯುವುದೆಂದಾಗಿತ್ತು. ಚೀಲದಲ್ಲಿ ಹತ್ತು ಇರಬೇಕು, ಹತ್ತು ಇದ್ದವು.

ಒಂಬತ್ತು ಚೆನ್ನಾಗಿಯೇ ಇದ್ದವು. ಹತ್ತನೆಯದು ಅರಿಸಿನ ಬಣ್ಣದ್ದು, ನೋಡಿದ ಕೂಡಲೇ ಅವಳ ಮೈ ಉರಿಯಿತು. ಒಂದು ಅಂಚು ಉದ್ದ, ಒಂದು ಗಿಡ್ಡ. ಒಂದು ಸಾಲು ಉಸಿರು ಕಟ್ಟುವಷ್ಟು ಬಿಗಿ, ಮುಂದಿನದು ಜೋಲು. ನಡುವೆ ಬೆರಳು ತೂರುವಷ್ಟು ದೊಡ್ಡ ಎರಡು ತೂತು. ಇದು ಈ ವರ್ಷವಷ್ಟೇ ಸೇರಿದ ಬ್ಯಾಂಕಿನ ಹುಡುಗಿಯದೇ, ಇನ್ನಾರದೂ ಅಲ್ಲ ಎಂದುಕೊಂಡಳು. ಪಾಪ, ಎಲ್ಲರ ಮುಂದೆ ತೋರಿಸುವಾಗ ಮುಖ ಕೆಂಪಾಗುತ್ತದೆ, ಸದ್ದಿಲ್ಲದೆ ಸರಿಮಾಡಿಬಿಟ್ಟರೆ ಒಂದು ಉಪಕಾರ. ಹಾಗೆಂದು ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ಅವಳ ಬೆರಳು ಆಗಲೇ ದಾರದ ತುದಿ ಹುಡುಕಿಯಾಗಿತ್ತು. ಐದು ನಿಮಿಷದಲ್ಲಿ ಚೌಕ ಹೋಗಿ ನೂಲಾಯಿತು. ಅದೇ ನೂಲಿನಲ್ಲಿ ಎರಡು ದಿನದಲ್ಲಿ ಗೆರೆ ಎಳೆದ ಹಾಗೆ ಹೆಣೆದು, ಹೊದಿಕೆಯ ನಡುವೆ ಸೇರಿಸಿ ಹೊಲಿದಳು.

ಗುರುವಾರ ಸಂಜೆ ಬ್ಯಾಂಕಿನ ಹುಡುಗಿಯ ಫೋನು ಬಂತು. "ಅಕ್ಕಾ, ಬೈಬೇಡಿ. ನನ್ನ ಚೌಕ ಇವತ್ತು ಮುಗೀತು. ನಾಳೆ ತಂದುಕೊಡ್ಲಾ?"

"ನಿಂದಾ? ನಿಂದು ಚೀಲದಲ್ಲೇ ಇತ್ತಲ್ಲ. ಅರಿಸಿನ ಬಣ್ಣದ್ದು."

"ಅಯ್ಯೋ, ಅದು ಟೀಚರ್ದು! ಅವರ ಸೊಸೆ ತಂದು ಹಾಕಿದ್ರು, ಶನಿವಾರದವರೆಗೆ ಯಾರಿಗೂ ಹೇಳ್ಬೇಡ ಅಂದಿದ್ರು. ಐದು ತಿಂಗಳು ಹೆಣೆದಿದ್ದಾರಂತೆ ಅಕ್ಕ, ದಿನಕ್ಕೆ ನಾಲ್ಕು ಕುಣಿಕೆ, ಐದು ಕುಣಿಕೆ. ತಾವೇ ಬಂದು ತೋರಿಸ್ತಾರಂತೆ."

ಬಿಚ್ಚಕ್ಕ ಫೋನಿಟ್ಟು ಅಡುಗೆಮನೆಗೆ ಹೋದಳು, ಏಕೆ ಬಂದೆನೆಂದು ತಿಳಿಯದೆ ವಾಪಸ್ಸು ಬಂದಳು, ಬಾಗಿಲು ತೆಗೆದಳು, ಹಾಕಿದಳು. ಶುಕ್ರವಾರ ಬೆಳಗ್ಗೆ ಉಳಿದಿದ್ದ ನೂಲು ಹಿಡಿದು, ಹಳೆಯ ಚೌಕ ಹೇಗಿತ್ತೋ ಹಾಗೇ ಹೆಣೆಯಲು ಕುಳಿತಳು. ಬೇಕೆಂದೇ ಒಂದು ಕುಣಿಕೆ ಬಿಟ್ಟಳು. ಬೇಕೆಂದೇ ಬಿಟ್ಟಿದ್ದೆಂದು ಕುರುಡರಿಗೂ ತಿಳಿಯುವಂತಿತ್ತು. ಎಡಗೈಯಲ್ಲಿ ಹೆಣೆದು ನೋಡಿದಳು, ಹಾಳು ಎಡಗೈಯೂ ನೆಟ್ಟಗೆ ಹೆಣೆಯಿತು! ಆ ತೂತುಗಳಲ್ಲಿ ಒಬ್ಬಾಕೆಯ ಐದು ತಿಂಗಳ ಹಟವಿತ್ತು, ಅದನ್ನು ಅವಳು ಎಲ್ಲಿಂದ ತರಬೇಕು?

"ಸುಮ್ನಿರು, ಅವರಿಗೇನು ಗೊತ್ತಾಗತ್ತೆ?" ಎಂದ ಗಂಡ.

"ಗೊತ್ತಾಗದೇ ಹೋದ್ರೆ ಇನ್ನೂ ಕಷ್ಟ ಕಣ್ರೀ" ಎಂದಳು. ತಾನೇಕೆ ಹಾಗಂದೆನೆಂದು ಅವಳಿಗೇ ಆಗ ಹೊಳೆಯಲಿಲ್ಲ.

ಶನಿವಾರ ಹೊಳೆಯಿತು. ಬಿಚ್ಚಕ್ಕ ತನ್ನ ಎರಡು ಚೌಕಗಳಲ್ಲಿ ಒಂದನ್ನು ತೆಗೆದು, ಆ ಜಾಗಕ್ಕೆ ಹುಡುಗಿಯದನ್ನು ಹೊಲಿದು ತಂದಿದ್ದಳು. ಟೀಚರನ್ನು ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದರು. ಹೊದಿಕೆ ಹರಡಿದಾಗ ಸೊಸೆ ಅರಿಸಿನ ಬಣ್ಣ ಕಂಡು ಬೆರಳಿಟ್ಟಳು. "ಇದು ನಮ್ಮತ್ತೆದು!" ಎಂದವಳೇ ಬಗ್ಗಿ ನೋಡಿ ನಿಂತುಬಿಟ್ಟಳು. "ಅರೆ, ಎಷ್ಟು ಚೆನ್ನಾಗಿದೆ! ನಾನು ಶುರುವಲ್ಲಿ ನೋಡಿದಾಗ ಹೀಗಿರಲಿಲ್ಲ, ಆಮೇಲೆ ಮಡಚಿ ಕೊಟ್ಟಿದ್ದನ್ನ ಹಾಗೇ ತಂದು ಚೀಲಕ್ಕೆ ಹಾಕ್ದೆ. ಅತ್ತೆ, ನಿಮ್ಮ ಕೈ ವಾಪಸ್ಸು ಬಂದಿದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಚೌಕದ ಮೇಲೆ ಎಡಗೈ ಆಡಿಸಿದರು, ಒಮ್ಮೆ ಅಲ್ಲ, ಮೂರು ಸಲ. ಮುಖದಲ್ಲಿ ಅನುಮಾನವಿತ್ತು. ಆಮೇಲೆ ಮಡಿಲಲ್ಲಿ ಮುದುರಿ ಬಿದ್ದಿದ್ದ ಬಲಗೈಯನ್ನು ನೋಡಿದರು. ಆ ಅನುಮಾನ ಮೆಲ್ಲನೆ ಆಸೆಯಾಗುತ್ತಿದ್ದುದನ್ನು ಬಿಚ್ಚಕ್ಕ ಕಂಡಳು. ಸುಮ್ಮನಿದ್ದರೆ ಆಯಿತು, ಎಲ್ಲರಿಗೂ ಸಂತೋಷ. ನಾಳೆ ಆ ಮುದುಕಿ ಮನೆಯಲ್ಲಿ ಕಡ್ಡಿ ಹಿಡಿದು ಕೂತಾಗ ಬೆರಳು ನಿಜ ಹೇಳುತ್ತದೆ, ಅಷ್ಟೇ.

"ಅದು ನಿಮ್ಮ ಕೈದಲ್ಲ ಟೀಚರ್" ಎಂದುಬಿಟ್ಟಳು. "ನಾನು ಹೆಣೆದಿದ್ದು. ನಿಮ್ದನ್ನ ನಾನೇ ಬಿಚ್ಚಿಹಾಕಿದೆ. ಕಲಿಯೋ ಹುಡುಗೀದು ಅಂದ್ಕೊಂಡೆ."

ಸೊಸೆ ಬಾಯಿ ತೆರೆದಳು, ಏನೋ ಕೆಟ್ಟದ್ದೇ ಹೇಳುವವಳಿದ್ದಳು, ಟೀಚರ್ ಕೈಯೆತ್ತಿ ತಡೆದರು. ಮಾತು ಅವರ ಬಾಯಿಂದ ತುಂಡು ತುಂಡಾಗಿ ಬರುತ್ತಿತ್ತು.

"ಕಲಿಯೋ... ಹುಡುಗೀನೇ... ನಾನು" ಎಂದರು. ಆ ಮಾತಿನಲ್ಲಿ ಕ್ಷಮೆಯೇನೂ ಇರಲಿಲ್ಲ, ಕಣ್ಣು ಕೆಂಪಾಗಿತ್ತು. ಆಮೇಲೆ ಚೌಕದ ಮೇಲೆ ಬೆರಳು ಕುಟ್ಟಿದರು. "ಬಿಚ್ಚು."

ಜೀವಮಾನದಲ್ಲಿ ಮೊದಲ ಸಲ ಅವಳಿಗೆ ಬಿಚ್ಚಲು ಕೈ ಬರಲಿಲ್ಲ. ಕತ್ತರಿ ಎರಡು ಸಲ ಜಾರಿತು. ಹೊದಿಕೆಯ ನಡುವೆ ಒಂದು ಕಿಟಕಿ ಬಿದ್ದು, ಸುರುಳಿ ಸುರುಳಿ ನೂಲು ಟೀಚರ ಮಡಿಲು ಸೇರಿತು. ಸೊಸೆ ಒಂದು ಕಡ್ಡಿಯನ್ನು ಬಲಗೈಗೆ ಸಿಕ್ಕಿಸಿದಳು, ಇನ್ನೊಂದನ್ನು ಅವರೇ ಹಿಡಿದರು. ಪಕ್ಕದ ಕುರ್ಚಿ ತೋರಿಸಿ, "ಕೂತ್ಕೋ... ನೋಡು" ಎಂದರು.

ಬಿಚ್ಚಕ್ಕ ಕುಳಿತಳು. ಮೊದಲ ಕುಣಿಕೆ ಬಿಗಿಯಾಯಿತು. ಎರಡನೆಯದು ಬರಲು ಕಾಲು ಗಂಟೆ ಹಿಡಿಯಿತು. ಮೂರನೆಯದು ಜಾರಿ ಕೆಳಗೆ ಬಿತ್ತು, ಟೀಚರಿಗೆ ಅದು ಕಾಣಲೇ ಇಲ್ಲ. ಅವರು ಮುಂದಿನದಕ್ಕೆ ಹೋದರು. ಬಿಚ್ಚಕ್ಕನ ಮೈಯೆಲ್ಲ ಬೆವೆತು, ಕಣ್ಣಲ್ಲಿ ನೀರು ತುಂಬಿಕೊಂಡಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಜಾರಿದ ಆ ಕುಣಿಕೆಯನ್ನೇ ನೋಡುತ್ತ ಕುಳಿತಳು.