ವಿಮಾನ ಹುಡುಕುವವರ ಮನೆಯಲ್ಲಿ

ಸಮುದ್ರದ ಮೇಲೆ ಕಾಣೆಯಾದ ಆ ಪ್ರಯಾಣಿಕರ ವಿಮಾನವನ್ನು ದೇಶದೇಶದ ಹಡಗುಗಳು ಹುಡುಕಿ ಸುಸ್ತಾದ ಮೇಲೆ, ಆ ಕೆಲಸವನ್ನು ಇಳಕಲ್ಲಿನ ನಮ್ಮ ಪಡಸಾಲೆ ಕೈಗೆತ್ತಿಕೊಂಡಿತು. ಮುಂದಾಳು ನನ್ನ ಮಾವ. ಊರೂರಿನ ಹೊಲ ಅಳೆದು ನಿವೃತ್ತರಾದ ಸರ್ವೇಯರ್. ಈಗ ಮಹಾಸಾಗರ ಅಳೆಯುತ್ತಿದ್ದರು. ಟಿವಿಯಲ್ಲಿ ಅದರ ಸುದ್ದಿ ಮತ್ತೆ ಬಂತೆಂದರೆ ಸಾಕು, ಅವರ ಗೆಳೆಯರಿಬ್ಬರು, ಒಬ್ಬರು ಸೀರೆ ವ್ಯಾಪಾರಿ, ಇನ್ನೊಬ್ಬರು ದವಾಖಾನೆಯ ಹಳೇ ಕಂಪೌಂಡರ್, ಬಂದು ಕೂರುತ್ತಿದ್ದರು.

"ಯಾವುದೋ ದ್ವೀಪದಾಗ ಇಳಿಸಿ ಮುಚ್ಚಿಟ್ಟಾರ, ಬರದಿಟ್ಕೋರಿ," ಎನ್ನುವರು ಮಾವ. ಕಂಪೌಂಡರ್ ಅದನ್ನು ಸಮುದ್ರದ ತಳಕ್ಕೆ ಕಳಿಸುವರು. ಸೀರೆಯವರ ಪ್ರಕಾರ ಅದು ಬೇರೆ ಲೋಕದವರ ಕೈವಾಡ.

ಚಹಾ ತಂದ ಅತ್ತೆ ಒಮ್ಮೆ ಕೇಳಿದರು: "ಅದರಾಗ ಹೋದವ್ರ ಮನಿಮಂದಿ ಈಗೂ ಹಾದಿ ಕಾಯ್ತಿರಬೇಕಲ್ರಿ?"

"ಅದು ಬ್ಯಾರೆ ವಿಷಯ," ಎಂದರು ಮಾವ.

ಒಂದು ಸಂಜೆ ನಾನು ಹುನಗುಂದದ ಶಾಲೆಯಲ್ಲಿ ಪಾಠ ಮುಗಿಸಿ ಮನೆಗೆ ಬಂದಾಗ ಮೂವರೂ ಇದ್ದರು, ಅತ್ತೆ ಇರಲಿಲ್ಲ. ಅವರ ಮೊಬೈಲ್ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು.

"ಅತ್ತಿ ಎಲ್ಲಿ ಹೋಗ್ಯಾರ್ರಿ?"

"ಒಳಗ ಇರಬೇಕು ನೋಡು."

ಒಳಗೆ ಮುಂಜಾನೆಯ ಕಪ್ಪುಗಳು ತೊಳೆಯದೆ ಬಿದ್ದಿದ್ದವು. ಮುಚ್ಚಿಟ್ಟಿದ್ದ ಊಟವನ್ನು ಮಧ್ಯಾಹ್ನ ಮಾವ ತಾವೇ ಹಾಕಿಕೊಂಡು ಉಂಡಿದ್ದರಂತೆ. ಯಾಕೆ ಮುಚ್ಚಿಟ್ಟಿದೆ ಎಂಬ ಸಂಶಯ ಮಾತ್ರ ಬಂದಿರಲಿಲ್ಲ.

ಪಟ್ಟದಕಲ್ಲಿನಲ್ಲಿರುವ ಅತ್ತೆಯ ತಂಗಿಗೆ ಫೋನ್ ಮಾಡುತ್ತೇನೆಂದೆ. ಮಾವ ತಡೆದರು. "ಅಲ್ಲಿ ಇಲ್ಲಾಂದ್ರ ಅವರ ಮಂದಿ ಏನಂದಾರು? ತಡಿ, ಮೊದ್ಲ ವಿಚಾರ ಮಾಡೂಣು."

ವಿಚಾರ ಶುರುವಾಯಿತು. ಕಂಪೌಂಡರ್ ದನಿ ತಗ್ಗಿಸಿ, "ಹಿತ್ತಲ ಬಾವಿ ನೋಡೀರೇನ್ರಿ?" ಎಂದರು. ಸೀರೆಯವರು, "ಕೊಳ್ಳಾಗ ಬಂಗಾರ ಇತ್ತಲ್ರಿ. ಕಾಲ ಛಲೋ ಇಲ್ಲ," ಎಂದರು. ಇಬ್ಬರ ಕಣ್ಣಲ್ಲೂ ಅದೇ ಹುರುಪು. ಮಾವ ಟವೆಲಿನ ತುದಿ ಹಿಂಡುತ್ತ ಕುಳಿತಿದ್ದರು.

"ಬಾವಿ ಮಾತ ಬಿಡ್ರಿ," ಎಂದರು.

ಗೆಳೆಯರು ಬಿಡಲಿಲ್ಲ. ವಿಮಾನಕ್ಕಿಂತ ಇದು ಹತ್ತಿರದ ಸುದ್ದಿ, ಎದ್ದು ಹೋಗಿ ಇಣುಕಿ ನೋಡಬಹುದಾದದ್ದು.

ನಾನು ಅಡುಗೆಮನೆಗೆ ಹೋಗಿ ಪಟ್ಟದಕಲ್ಲಿಗೆ ಫೋನ್ ಹಚ್ಚಿದೆ. ಅತ್ತೆಯೇ ಎತ್ತಿದರು.

"ಇಲ್ಲೇ ಅದೀನವಾ. ತಂಗಿಗೆ ಮೊಣಕಾಲ ಭಾಳ ನೋವಂತ, ಬಂದೆ. ನಿಮ್ಮ ಮಾವಾರಿಗೆ ಎರಡ ಸಲ ಹೇಳೇನಿ. ಎರಡೂ ಸಲ ಹೂಂ ಅಂದ್ರು. ಟಿವಿ ನೋಡಾಕ್ಹತ್ತಿದ್ರು."

ಪಡಸಾಲೆಗೆ ಬಂದು ಹೇಳಿದೆ. ಮಾವ ಗೋಡೆಗೆ ಒರಗಿ ಸಮಾಧಾನದ ಉಸಿರು ಬಿಟ್ಟರು. ಕಂಪೌಂಡರರ ಮುಖ ಸಪ್ಪಗಾಯಿತು; ಬಾವಿಯ ತನಕ ಬಂದ ಕತೆ ಮೊಣಕಾಲಿಗೆ ಮುಗಿದಿತ್ತು. ಚಹಾ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಇಬ್ಬರೂ ಎದ್ದರು.

ಮರುದಿನ ಮಾವ ಇಸ್ತ್ರಿ ಅಂಗಿ ತೊಟ್ಟು, ಬಾದಾಮಿಯಲ್ಲಿ ಬಸ್ಸು ಬದಲಿಸಿ ಹೆಂಡತಿಯನ್ನು ಕರೆತರಲು ಹೋದರು. ಅತ್ತೆ ಕೂಡಲೇ ಹೊರಡಲಿಲ್ಲ. ಮಾವನನ್ನೂ ಅಲ್ಲೇ ಉಳಿಸಿಕೊಂಡು, ತಂಗಿಯ ಮೊಣಕಾಲಿಗೆ ಎಣ್ಣೆ ಕಾಸಿಕೊಡುವ ಕೆಲಸಕ್ಕೆ ಹಚ್ಚಿದ್ದರಂತೆ. ಕೊನೆಗೆ ಇಬ್ಬರೂ ಮರಳಿ ಬಂದಾಗ ಸೀರೆಯವರು ಬಾಗಿಲಲ್ಲೇ ಹಾಜರಿದ್ದರು.

"ಅಂತೂ ಸಿಕ್ರಲ್ರಿ," ಎಂದರು.

ಮಾವ ಚಪ್ಪಲಿ ಬಿಡುತ್ತ ಹೇಳಿದರು: "ಪಟ್ಟದಕಲ್ಲಿನ್ಯಾಗ ಅದಾಳ ಅಂತ ನಾ ಮೊದ್ಲಿಂದ ಹೇಳಾಕ್ಹತ್ತಿದ್ನಲ್ಲ."

ಅತ್ತೆ ಕೈಚೀಲ ನನಗೆ ಕೊಟ್ಟು, ಕಾಲು ತೊಳೆಯಲು ಹಿತ್ತಲಿಗೆ ಹೋದರು.