ಕಾಜಾ ಅಕ್ಕ ಮತ್ತು ತೆಳು ರಕ್ತ

ನಮ್ಮ ಬೀದಿಯಲ್ಲಿ ಈಗ ಒಂದು ಮಾತು ಓಡಾಡುತ್ತಿದೆ: ಕಾಜಾ ಅಕ್ಕ ಸತ್ತದ್ದು ಉಸಿರಾಟದ ವ್ಯಾಯಾಮದಿಂದ, ಚೀನೀ ವೈದ್ಯೆ ಮಾಡಿಸಬಾರದ್ದನ್ನು ಮಾಡಿಸಿ ಅವರನ್ನು ಕೊಂದರು ಎಂದು. ಇದು ಸುಳ್ಳು. ಹೇಳುತ್ತಿರುವವರಲ್ಲಿ ಒಬ್ಬರೂ ಆ ವ್ಯಾಯಾಮದ ಅಂಗಳಕ್ಕೆ ಕಾಲಿಟ್ಟವರಲ್ಲ. ನಾನು ಕಾಜಾ ಅಕ್ಕನ ಹೊಲಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಇರುವವನು. ವ್ಯಾಯಾಮದ ಸಾಲಿನಲ್ಲಿ ಅವರ ಹಿಂದೆಯೇ ನಿಲ್ಲುತ್ತಿದ್ದವನು. ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿಯೇ ಬರೆಯುತ್ತಿದ್ದೇನೆ.

ಗುಂಡಿಯ ಕಾಜಾಗಳನ್ನು ಕೈಯಲ್ಲೇ ಹೊಲಿಯುತ್ತಿದ್ದರಿಂದ ಅವರಿಗೆ ಆ ಹೆಸರು. ಅಂಗಿ ಚಿಂದಿಯಾದರೂ ಅವರು ಹೊಲಿದ ಕಾಜಾ ಬಿಡುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅಂಗಡಿ ಮೈದುನನ ಕೈಗೆ ಬಂದಿತ್ತು. ಮೈದುನ ಕತ್ತರಿ ಹಿಡಿದರೆ, ಇವರು ಯಂತ್ರದ ಮುಂದೆ, ವಾರಗಿತ್ತಿ ಇಸ್ತ್ರಿಯ ಮೇಜಿನ ಮುಂದೆ. ಬಿಗಿಯಾಗಿ ಹೊಲಿದುಕೊಡಿ ಎಂದು ಹಟ ಮಾಡಿದ ಸ್ಥೂಲಕಾಯದ ಗಿರಾಕಿಯೊಬ್ಬರಿಗೆ ಅವರು ತಲೆಯೆತ್ತದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಅಂಗಿ ನನ್ನ ಮಾತು ಕೇಳುತ್ತೆ ಸಾರ್, ಹೊಟ್ಟೆ ನಿಮ್ಮ ಮಾತು ಕೇಳುತ್ತಾ ನೋಡಿ."

ವರ್ಷಗಟ್ಟಲೆ ಅವರು ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹೊಲಿದರು. ಕಳೆದ ವರ್ಷ ಮೈದುನ ಅದಕ್ಕೆ ಮೋಟಾರು ಹಾಕಿಸಿದ. ಅತ್ತಿಗೆಯ ಕಾಲಿಗೆ ವಿಶ್ರಾಂತಿ ಸಿಗಲಿ ಎಂಬುದೇ ಅವನ ಉದ್ದೇಶ, ಅದರಲ್ಲಿ ಕಪಟವಿರಲಿಲ್ಲ. ಕೆಲವು ತಿಂಗಳ ಬಳಿಕ ಅವರ ಎಡಗಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯತೊಡಗಿತು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮೋಟಾರಿನಿಂದಲೇ ಹೀಗಾಯಿತು ಎಂದು ನಾನು ಹೇಳಲಾರೆ, ಡಾಕ್ಟರೂ ಹೇಳಲಿಲ್ಲ. ಆದರೆ ನಡೆದಾಗ, ತುಳಿದಾಗ ಮೀನಖಂಡದ ಸ್ನಾಯು ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಕಾಲು ಗಂಟೆಗಟ್ಟಲೆ ಅಲುಗದಿದ್ದರೆ ರಕ್ತ ಅಲ್ಲೇ ಮಡುಗಟ್ಟುತ್ತದೆ. ಇದೂ ಒಂದು ಕಾರಣವಾಗಿರಬಹುದು ಎಂದಷ್ಟೇ ಡಾಕ್ಟರು ಹೇಳಿದರು.

ಮನೆಗೆ ಕಳಿಸುವಾಗ ಅಲ್ಲಿನ ಕಿರಿಯ ಡಾಕ್ಟರಮ್ಮ ಒಂದು ಮಾತ್ರೆ ಬರೆದುಕೊಟ್ಟು, ಇದು ರಕ್ತ ತೆಳು ಮಾಡುವ ಮಾತ್ರೆ, ತಪ್ಪಿಸಬಾರದು ಎಂದರು. ಅನಾಹುತ ಹುಟ್ಟಿದ್ದು ಆ ಒಂದು ಪದದಲ್ಲಿ. ಕಾಜಾ ಅಕ್ಕ ಹುಡುಗಿಯಾಗಿದ್ದಾಗಿನಿಂದ ಬಿಳಿಚಿಕೊಂಡ ಮುಖದವರು. ಈಕೆಯ ರಕ್ತ ತೆಳು, ನೀರಿನಂತಿದೆ ಎಂದು ತಾಯಿ ಹೇಳಿದ್ದರು, ಅತ್ತೆ ಆಡಿಕೊಂಡಿದ್ದರು, ಹಳೆಯ ವೈದ್ಯರೂ ಅದೇ ಮಾತಿನಲ್ಲಿ ಕಬ್ಬಿಣದ ಟಾನಿಕ್ಕು ಕೊಟ್ಟಿದ್ದರು. ನಮ್ಮ ಮಾತಿನಲ್ಲಿ ರಕ್ತ ತೆಳುವಾಗುವುದೆಂದರೆ ಮನುಷ್ಯ ಸೊರಗುವುದು. ಅಂಥವರ ಕೈಗೆ ರಕ್ತ ತೆಳು ಮಾಡುವ ಮಾತ್ರೆ ಕೊಟ್ಟು ಕಳಿಸಿದರೆ ಅವರು ಏನೆಂದು ತಿಳಿದುಕೊಳ್ಳಬೇಕು? ಓದಿದವರು ಇದನ್ನು ಯೋಚಿಸಬೇಕಿತ್ತು.

ಆದರೂ ಅವರು ಮೊದಲು ಮಾತ್ರೆ ನುಂಗಿದರು. ನಡೆದಾಡಿ, ಕಾಲು ಆಡಿಸುತ್ತಿರಿ ಎಂದು ಡಾಕ್ಟರಮ್ಮನೇ ಹೇಳಿದ್ದರಿಂದ, ಅವರ ಒಪ್ಪಿಗೆ ಪಡೆದು, ಬೀದಿಯ ತುದಿಯ ಅಂಗಳದಲ್ಲಿ ಚೀನೀ ವೈದ್ಯೆ ಬೆಳಗಿನ ಹೊತ್ತು ಕಲಿಸುತ್ತಿದ್ದ ವ್ಯಾಯಾಮಕ್ಕೂ ಸೇರಿದರು. ಆ ವೈದ್ಯೆ ನಮ್ಮಲ್ಲೇ ಬೆಳೆದವರು, ನಮ್ಮ ಮಾತೇ ಆಡುವವರು. ಮೋಡ ಸರಿದಂತೆ ಕೈಕಾಲು ಆಡಿಸುವುದನ್ನು ಕಲಿಸುತ್ತಿದ್ದರಿಂದ ಎಲ್ಲರಿಗೂ ಅವರು ನಿಧಾನದ ಟೀಚರ್. ಹಿಮ್ಮಡಿ ಎತ್ತಿ ಇಳಿಸುವುದು, ಮೊಣಕಾಲು ಬಗ್ಗಿಸಿ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುವುದು, ಹೊಟ್ಟೆ ತುಂಬುವಂತೆ ಉಸಿರು ಎಳೆಯುವುದು. ದೇಹದೊಳಗಿನ ಚೈತನ್ಯಕ್ಕೆ ಅವರ ಶಾಸ್ತ್ರದಲ್ಲಿ ಛೀ ಎನ್ನುತ್ತಾರಂತೆ. ಛೀ ಮುಂದೆ ನಡೆದರೆ ರಕ್ತ ಹಿಂದೆ ನಡೆಯುತ್ತದೆ, ಅದು ನಿಂತರೆ ಇದೂ ನಿಲ್ಲುತ್ತದೆ ಎಂದು ವಿವರಿಸಿದರು.

"ನಮ್ಮತ್ತೆ ದಿನಾ ನನಗೆ ಛೀ ಅಂತಿದ್ರಲ್ಲ ಟೀಚರ್," ಎಂದರು ಕಾಜಾ ಅಕ್ಕ, "ಹಂಗಾದ್ರೆ ನನ್ನ ರಕ್ತ ಕುದುರೆ ಥರ ಓಡಬೇಕಿತ್ತು."

ಅಂಗಳವೆಲ್ಲ ನಕ್ಕಿತು. ಟೀಚರೂ ನಕ್ಕರು.

ಇದೇ ವಿಷಯವನ್ನು ಪಾಶ್ಚಾತ್ಯ ವೈದ್ಯರು ಬೇರೆ ರೀತಿ ಹೇಳುತ್ತಾರೆ: ಆಳವಾಗಿ ಉಸಿರು ಎಳೆದಾಗ ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿಯುತ್ತದೆ, ಎದೆಯೊಳಗಿನ ಒತ್ತಡ ತಗ್ಗುತ್ತದೆ, ರಕ್ತ ಹೃದಯದ ಕಡೆಗೆ ಸೆಳೆಯಲ್ಪಡುತ್ತದೆ. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಕಾಣದ ಚೈತನ್ಯವನ್ನು ಅಳೆದವರಿಲ್ಲ. ಆದರೆ ಕಟ್ಟಿಕೊಂಡ ಹೆಪ್ಪನ್ನು ವ್ಯಾಯಾಮ ಕರಗಿಸುತ್ತದೆ ಎಂದು ಟೀಚರ್ ಒಂದು ದಿನವೂ ಹೇಳಲಿಲ್ಲ. ಬೇರಿನ ಕಷಾಯ ಕೊಡಿ ಎಂದು ಕಾಜಾ ಅಕ್ಕ ಕೇಳಿದಾಗ, ನನ್ನ ಬೇರೂ ಆಸ್ಪತ್ರೆಯ ಮಾತ್ರೆಯೂ ಒಟ್ಟಿಗೆ ಸೇರಿದರೆ ಗಾಯದ ರಕ್ತ ನಿಲ್ಲದೆ ಹೋದೀತು, ಮಾತ್ರೆಯೇ ಮುಖ್ಯ ಎಂದು ನಿರಾಕರಿಸಿದರು. ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಕಾಲಿನ ಊತ ಇಳಿಯಿತು. ಆಮೇಲೊಂದು ದಿನ ಅವರು ಕಾಜಾ ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚಿ, ರಕ್ತ ಬೇಗ ನಿಲ್ಲದೆ, ಬಿಳಿ ಅಂಗಿಯ ಎದೆಯ ಮೇಲೆ ಕಲೆಯಾಯಿತು. ಆ ಮಾತ್ರೆ ತಿನ್ನುವವರಿಗೆ ಹಾಗಾಗುವುದು ಸಹಜ. ವಾರಗಿತ್ತಿ ಬೆದರಿಬಿಟ್ಟರು. ರಕ್ತ ಪೂರಾ ನೀರಾಗಿದೆ, ಊತ ಹೇಗೂ ವ್ಯಾಯಾಮದಿಂದ ಇಳಿದಿದೆ, ಇನ್ನು ಆ ಮಾತ್ರೆ ಏಕೆ ಎಂದರಂತೆ. ಇದು ನನಗೆ ಆಮೇಲೆ ತಿಳಿದದ್ದು. ಕಾಜಾ ಅಕ್ಕ ಮಾತ್ರೆ ಬಿಟ್ಟರು; ಯಾರಿಗೂ ಹೇಳಲಿಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ, ವ್ಯಾಯಾಮ ಶುರುವಾಗುವ ಮೊದಲೇ, ಅವರು ಏದುಸಿರು ಬಿಡುತ್ತ ಗೋಡೆಗೆ ಒರಗಿದರು. ಎದೆಯ ಒಂದು ಪಕ್ಕ ಹಿಡಿದುಕೊಂಡಿದ್ದರು. ಟೀಚರ್ ಬಂದು ನಾಡಿ ಹಿಡಿದು ಕೇಳಿದರು: "ಮಾತ್ರೆ ತಗೋತಿದ್ದೀರಾ?"

"ಬಿಟ್ಟೆ. ನಂದು ಮೊದಲೇ ತೆಳು ರಕ್ತ."

ಟೀಚರ್ ಕೂಡಲೇ ಆಟೋ ಕರೆಸಿ, ತಾವೇ ಜೊತೆಗೆ ಕೂತು ಆಸ್ಪತ್ರೆಗೆ ಕರೆದೊಯ್ದರು. ಕಾಲಿನಲ್ಲಿದ್ದ ಹೆಪ್ಪಿನ ತುಣುಕು ಕಳಚಿಕೊಂಡು ಶ್ವಾಸಕೋಶಕ್ಕೆ ಸೇರಿತ್ತು.

ಮಧ್ಯಾಹ್ನ ನಾನು ಹೋದಾಗ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಅದೇ ಡಾಕ್ಟರಮ್ಮ ಮಂಚದ ಬಳಿ ನಿಂತಿದ್ದರು. ಮಾತ್ರೆ ಏಕೆ ಬಿಟ್ಟಿರಿ ಎಂದು ಅವರು ಕೇಳಿದ್ದಕ್ಕೆ ಕಾಜಾ ಅಕ್ಕ ಕಾರಣ ಹೇಳಿದರು. ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಅಮ್ಮಾ, ಹಾಲಿಗೆ ಹೆಪ್ಪು ಹಾಕದಿದ್ರೆ ಹಾಲು ನೀರಾಗುತ್ತಾ?"

"ಇಲ್ಲ. ಹಾಲು ಹಾಲಾಗೇ ಇರುತ್ತೆ."

"ಈ ಮಾತ್ರೆ ಮಾಡೋದೂ ಅಷ್ಟೇ. ಹೆಪ್ಪಾಗದ ಹಾಗೆ ನೋಡಿಕೊಳ್ಳುತ್ತೆ. ರಕ್ತ ನೀರಾಗಲ್ಲ."

ಕಾಜಾ ಅಕ್ಕ ಅವರನ್ನೇ ನೋಡಿದರು. "ಇಷ್ಟೇನಾ? ಇದನ್ನ ಮೊದಲೇ ಹೀಗೆ ಹೇಳಬಾರದಿತ್ತಾ, ತಾಯಿ?"

ಆ ದಿನ ಸಂಜೆ, ಇನ್ನೊಂದು ದೊಡ್ಡ ತುಣುಕು ಬಂದು ಅವರ ಪ್ರಾಣ ಹೋಯಿತು.

ಮರುದಿನ ಟೀಚರ್ ಕಾಜಾ ಅಕ್ಕನ ಮನೆಗೆ ಬಂದರು. ಮೈದುನ ಬಾಗಿಲಿಗೆ ಅಡ್ಡ ನಿಂತು, ನೀವು ಮಾಡಿದ್ದು ಸಾಕು, ಹೊರಡಿ ಎಂದ. ನೆರೆದಿದ್ದವರಲ್ಲಿ ಒಬ್ಬರೂ ಅವನನ್ನು ತಡೆಯಲಿಲ್ಲ. ಟೀಚರ್ ಹೊರಡಲು ತಿರುಗುವಷ್ಟರಲ್ಲಿ ವಾರಗಿತ್ತಿ ಒಳಗಿನಿಂದ ಬಂದು ಗಂಡನನ್ನು ಪಕ್ಕಕ್ಕೆ ಸರಿಸಿದರು.

"ಒಳಗೆ ಬನ್ನಿ ಟೀಚರ್. ಮಾತ್ರೆ ಬಿಡಿ ಅಂದವಳು ನಾನು."

ಇದನ್ನು ಕೇಳಿಸಿಕೊಂಡವರು ಅಲ್ಲಿ ಬೇಕಾದಷ್ಟು ಜನರಿದ್ದರು. ಅವರೇ ಈಗ ಬೀದಿಯಲ್ಲಿ ಬೇರೆ ಕತೆ ಹೇಳುತ್ತಿದ್ದಾರೆ. ಅಂಗಳದಲ್ಲಿ ವ್ಯಾಯಾಮ ನಿಂತುಹೋಗಿದೆ. ನಡೆದದ್ದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದು.

ಟೀಚರ್ ಒಳಗೆ ಬಂದು ಚಾಪೆಯ ಮೇಲೆ ಕೂತರು. ಆಟೋದಲ್ಲಿ ಅಕ್ಕ ನನ್ನ ಬಗ್ಗೆ ಏನಾದರೂ ಹೇಳಿದರೇ ಎಂದು ವಾರಗಿತ್ತಿ ಕೇಳಿದರು.

"ಯಾರು ಬಿಡು ಅಂದ್ರು ಅಂತ ದಾರೀಲಿ ಕೇಳ್ದೆ," ಎಂದರು ಟೀಚರ್. "ಯಾರೂ ಇಲ್ಲ, ನಾನೇ ಬಿಟ್ಟೆ ಅಂದ್ರು. ಮತ್ತೆ ಕೇಳ್ದೆ. ಆಗಲೂ ಅದನ್ನೇ ಅಂದ್ರು."